ಜರ್ಮನಿಯಲ್ಲೂ ಕೈಗುಣ

ನಾನು ಊರಿಗೆ ಮರಳಿದಾಗಿನಿಂದ ಮನೆಗೆ ಬಂದವರೆಲ್ಲ ಹಿಮದ ಬಗ್ಗೆ ಕೇಳುತ್ತಾರೆ. ಹಿಮ ಬೆಳ್ಳಗಿತ್ತು, ತಣ್ಣಗಿತ್ತು, ಎರಡು ದಿನಕ್ಕೆ ಕೆಸರಾಯಿತು. ಮುಗಿಯಿತು. ಅದಕ್ಕೊಂದು ಲೇಖನ ಬೇಕಿಲ್ಲ. ನಾನು ಬರೆಯಲು ಕೂತಿರುವುದು ಒಂದು ಶಬ್ದದ ಬಗ್ಗೆ. ಆ ಶಬ್ದದ ಜೊತೆ ಹತ್ತು ವರ್ಷ ಜಗಳವಾಡಿ, ಅದನ್ನು ಆಳಂದದಲ್ಲೇ ಬಿಟ್ಟು ವಿಮಾನ ಹತ್ತಿದ್ದೇನೆ ಎಂದು ತಿಳಿದಿದ್ದೆ. ಅದು ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕುರ್ಚಿ ಹಾಕಿಕೊಂಡು ಕೂತಿತ್ತು.

ಆಳಂದ

ಶಬ್ದ ಯಾವುದೆಂದರೆ, ಕೈಗುಣ.

ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹಾಕುವವಳು ಅಪ್ಪನ ತಾಯಿ, ನಮ್ಮ ಆಯಿ. ಅವಳ ಭರಣಿ ಎರಡು ವರ್ಷವಾದರೂ ಕೆಡುತ್ತಿರಲಿಲ್ಲ. ಅಣ್ಣನ ಮದುವೆಯಾಗಿ ಮಟಕಿ ಎಂಬ ಊರಿನಿಂದ ವೈನಿ, ಅಂದರೆ ಅತ್ತಿಗೆ, ಬಂದಳು, ಆ ವರ್ಷ ಅವಳೂ ಒಂದು ಭರಣಿ ಹಾಕಿದಳು, ಮಳೆಗಾಲ ಮುಗಿಯುವುದರೊಳಗೆ ಅದರ ಮೇಲೆ ಬೂಷ್ಟು ಬಂತು. ಅದೇ ಮಾವಿನಕಾಯಿ, ಅದೇ ಉಪ್ಪು, ಅದೇ ಒಲೆ.

"ಕೈಗುಣ ಬೇ ಅದು," ಅಂದಳು ಆಯಿ. "ಕೆಲವ್ರ ಕೈಯಾಗ ಇರ್ತದ, ಕೆಲವ್ರ ಕೈಯಾಗ ಇರಂಗಿಲ್ಲ."

"ಕೈಯಾಗ ಐದು ಬೆರಳ ಅವ, ಆಯಿ. ಗುಣ ಎಲ್ಲಿ ಅದ ತೋರ್ಸು."

"ನಿನ್ನ ನಾಲಿಗ್ಯಾಗಂತೂ ಇಲ್ಲ. ಕೈಯಾಗ ಅದ. ನಂದೇ ಕೈ ಬಂದದ ನಿನಗ."

ಅದು ನಿಜಕ್ಕೂ ನನ್ನನ್ನು ಹೊಗಳಿದ್ದು. ಆದರೆ ಗೋಡೆಯ ಆಚೆ ವೈನಿ ಪಾತ್ರೆ ತಿಕ್ಕುವ ಸಪ್ಪಳ ಒಮ್ಮೆಲೇ ನಿಂತದ್ದು ನನಗೆ ಕೇಳಿಸಿತು. ಈ ಶಬ್ದದ ಮೇಲಿನ ನನ್ನ ಸಿಟ್ಟು ಆವತ್ತಿನದು. ಹೊಗಳಿಕೆಯ ವೇಷದಲ್ಲಿ ಬಂದು ಇನ್ನೊಬ್ಬರ ಬಾಯಿ ಮುಚ್ಚಿಸುವ ಶಬ್ದ ಅದು. ನಿನ್ನ ಭರಣಿ ಯಾಕೆ ಕೆಟ್ಟಿತು ಎಂದು ಹುಡುಕುವ ಬಾಗಿಲನ್ನೇ ಹಾಕಿ ಅಗಳಿ ಇಡುತ್ತದೆ.

ಅಪ್ಪನಿಗೆ ಆಗ ಜೇವರ್ಗಿಯಲ್ಲಿ ನೌಕರಿ. ನಾನು ಓದಿದ್ದೂ ಅಲ್ಲಿಯ ಹೈಸ್ಕೂಲಿನಲ್ಲೇ. ಅಲ್ಲಿ ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮಾಸ್ತರರು ನಮಗೆ ಕಲಿಸಿದ್ದು ಒಂದೇ ಪಟ್ಟು: "ಮೊದಲ ಎದುರಿನವನ ಕುರ್ಚ್ಯಾಗ ಕೂತು ಮಾತಾಡ್ರಿ. ಅವನ ವಾದ ನಿಮಗ ಅವನಿಗಿಂತ ಚೆಂದ ಬರ್ಬೇಕು. ಆಮ್ಯಾಗ ಎದ್ದು ನಿಂತು ಮುರೀರಿ." ಆ ವರ್ಷ ವಿಜ್ಞಾನ ಮತ್ತು ನಂಬಿಕೆ ಎಂಬ ವಿಷಯಕ್ಕೆ ನಾನು ವೈನಿಯ ಭರಣಿಯನ್ನೇ ವೇದಿಕೆಗೆ ಹತ್ತಿಸಿ ಬಹುಮಾನದ ಡಾಲು ಗೆದ್ದೆ. ರಜೆಗೆ ಆಳಂದಕ್ಕೆ ಹೋದಾಗ ಮನೆಯಲ್ಲಿ ವಾರ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಅಡುಗೆಮನೆಯ ಮಾನ ಹರಾಜಾಯಿತಂತೆ. ವೈನಿಯೂ ಮಾತಾಡಲಿಲ್ಲ. ಅವಳ ಪರವಾಗಿಯೇ ನಾನು ವಾದಿಸಿದ್ದು!

ಮುಂದೆ ಗುಲ್ಬರ್ಗದಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಮುಗಿಸಿದೆ. ಜರ್ಮನಿಯ ಒಂದು ಪ್ರಯೋಗಾಲಯಕ್ಕೆ ಅರ್ಜಿ ಹಾಕಿದೆ, ಕರೆ ಬಂತು. ಒಂದು ವರ್ಷದ ಅವಕಾಶ, ಮೊದಲ ತಿಂಗಳು ಪರೀಕ್ಷೆ. ಸರಿಬೀಳದಿದ್ದರೆ ತಿಂಗಳ ಕೊನೆಗೆ ವಾಪಸು.

ಏನು ಕೆಲಸ ಎಂದು ಊರೆಲ್ಲ ಕೇಳಿತು. ಉತ್ತರ ಸುಲಭವಿತ್ತು, ಏಕೆಂದರೆ ಅಫಜಲಪುರದ ನಮ್ಮ ಕಾಕಾನ ಕಿಡ್ನಿಯಲ್ಲಿ ಕಲ್ಲುಗಳಿದ್ದವು. ಹೊರಬಿದ್ದ ಒಂದನ್ನು ಅವನು ಕಡ್ಡಿಪೆಟ್ಟಿಗೆಯಲ್ಲಿಟ್ಟುಕೊಂಡು, ಚಹಾ ಕೊಟ್ಟವರಿಗೂ ಕೊಡದವರಿಗೂ ತೋರಿಸುತ್ತಿದ್ದ. ಹೊಟ್ಟೆ ಕೊಯ್ಯದೆ, ಹೊರಗಿನಿಂದಲೇ ಒತ್ತಡದ ಅಲೆಗಳನ್ನು ಒಂದು ಬಿಂದುವಿಗೆ ಕೂಡಿಸಿ ಬಿಟ್ಟು, ಆ ಬಿಂದುವಿನಲ್ಲಿರುವ ಕಲ್ಲನ್ನು ಪುಡಿ ಮಾಡುವ ಯಂತ್ರ ಆಗ ಅಲ್ಲಿ ಬಂದಿತ್ತು. ಕಿವಿಗೆ ಕೇಳಿಸದ ಸದ್ದು, ಭೂತಗನ್ನಡಿಯಲ್ಲಿ ಬಿಸಿಲು ಕೂಡಿಸಿದ ಹಾಗೆ. ನಾನದನ್ನು ವಿವರಿಸಿದಾಗ ಕಾಕಾ ಪೂರ್ತಿ ಕೇಳಿ, ಕೊನೆಗೆ ನನ್ನ ಮುದ್ದಿನ ಹೆಸರು ಹಿಡಿದು ಅಂದ:

"ಕಲ್ಲು ಒಡಿಯೋ ಅಲೆ ಅಂದ್ರ, ಸುವ್ವಿ, ಬಾಜೂಕಿನ ಮಾಂಸ ಏನ್ ಪುಣ್ಯಾ ಮಾಡೇದ?"

"ಅದನ್ನೇ ನೋಡ್ಲಾಕ ಹೊಂಟೀನಿ, ಕಾಕಾ."

"ನೋಡಿ ಹೇಳು. ಅಲ್ಲೀ ತನಕಾ ನಾ ನೀರ್ ಕುಡಕೋತ ಇರ್ತೀನಿ."

ನನ್ನ ವರ್ಷದ ಕೆಲಸವನ್ನು ಇದಕ್ಕಿಂತ ಚಿಕ್ಕದಾಗಿ ಯಾವ ಪ್ರಾಧ್ಯಾಪಕರೂ ಹೇಳಲಿಲ್ಲ.

ಫ್ರಾಂಕ್‌ಫರ್ಟ್

ವಿಮಾನ ನಿಲ್ದಾಣದ ಸುಂಕದವನು ನನ್ನ ಪೆಟ್ಟಿಗೆಯಿಂದ ಆಯಿ ಕೊಟ್ಟ ಭರಣಿಯನ್ನು ಎರಡೂ ಕೈಯಲ್ಲಿ, ಬಾಂಬು ಎತ್ತಿದ ಹಾಗೆ ಎತ್ತಿದ. ಕಟ್ಟಿದ ಬಟ್ಟೆ ಬಿಚ್ಚಿಸಿ ಮೂಸಿದ. ಕಣ್ಣಲ್ಲಿ ನೀರು ಬಂತು.

"ಏನಿದು?"

"ಮಾವು."

"ಮಾವು ಹಳದಿ ಇರುತ್ತದೆ. ಸಿಹಿ ಇರುತ್ತದೆ."

ಮಾವಿನ ಬಗ್ಗೆ ಅವನು ನನಗೆ ಪಾಠ ಹೇಳುವುದೇ! ನಾನು ಕಾಯಿ ಮತ್ತು ಹಣ್ಣಿನ ವ್ಯತ್ಯಾಸ ಹೇಳಲು ಹೋದೆ. ಅವನು ಕೇಳದೆ, ತಿಂದು ತೋರಿಸು ಎಂದು ಸನ್ನೆ ಮಾಡಿದ. ಬೆಳಗಿನ ಹೊತ್ತು, ಖಾಲಿ ಹೊಟ್ಟೆ, ಹಿಂದೆ ಮೂವತ್ತು ಜನರ ಸಾಲು. ಒಂದು ಹೋಳು ತಿಂದೆ. ನಾನು ಸಾಯುತ್ತೇನೋ ಇಲ್ಲವೋ ಎಂದು ಅವನು ತುಸು ಹೊತ್ತು ಕಾದು, ಬದುಕಿದ್ದೇನೆಂದು ಖಾತ್ರಿಯಾದ ಮೇಲೆ ಮುದ್ರೆ ಒತ್ತಿದ.

ಅಲ್ಲಿಂದ ರೈಲಿನಲ್ಲಿ ದಕ್ಷಿಣಕ್ಕೆ, ಗುಡ್ಡದ ಮಗ್ಗುಲಿನ ಒಂದು ಊರಿಗೆ. ನಿಲ್ದಾಣದ ಎದುರು ರಸ್ತೆ ದಾಟಬೇಕಿತ್ತು. ಎಡಕ್ಕೂ ಬಲಕ್ಕೂ ಕಣ್ಣು ಹೋದಷ್ಟು ದೂರ ಒಂದು ವಾಹನವಿಲ್ಲ, ಆದರೂ ಹತ್ತು ಜನ ಕೆಂಪು ದೀಪದ ಮುಂದೆ, ಬಿಳಿ ಗೆರೆಯ ಹಿಂದೆ, ಬೂಟಿನ ತುದಿ ಜೋಡಿಸಿ ನಿಂತಿದ್ದರು. ನಾನು ದಾಟಿದೆ. ಒಬ್ಬ ಮುದುಕಿ ಹಿಂದಿನಿಂದ ಕೂಗಿ ಬೈದಳು. ಜೇವರ್ಗಿ ಕ್ರಾಸಿನಲ್ಲಿ ಬಸ್ಸು, ಎತ್ತಿನ ಗಾಡಿ, ಎಮ್ಮೆ, ಕಡಲೆ ಮಾರುವವನು ಎಲ್ಲರೂ ಒಂದೇ ಹೊತ್ತಿಗೆ ದಾಟುತ್ತಾರೆ, ಯಾರೂ ಯಾರನ್ನೂ ಬೈಯುವುದಿಲ್ಲ, ಬೈದರೂ ನಿಂತು ಬೈಯುತ್ತಾರೆ. ಇವಳು ಬೈದು ಮತ್ತೆ ದೀಪದ ಕಡೆ ಮುಖ ತಿರುಗಿಸಿದಳು. ಖಾಲಿ ರಸ್ತೆಯಲ್ಲಿ ಗೆರೆಗೆ ಇಷ್ಟು ಮರ್ಯಾದೆ ಕೊಡುವ ಜನ ಬೇರೆ ಎಲ್ಲಿ ಇನ್ನೇನು ಮಾಡುತ್ತಾರೋ ಎಂದು ನಾನಾಗಲೇ ಯೋಚಿಸಬೇಕಿತ್ತು. ಚಳಿಯಿತ್ತು, ಯೋಚಿಸಲಿಲ್ಲ.

ಹೆಲ್ಗಾಳ ಮನೆ

ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷಗಳಿಂದ ಗಾಜು ತೊಳೆದು, ದ್ರಾವಣ ಕಲಸಿ, ಎಲ್ಲರ ತಪ್ಪು ತಿದ್ದುತ್ತಿದ್ದ ಹೆಲ್ಗಾ ಎಂಬವಳ ಮನೆಯ ಮೇಲಿನ ಕೋಣೆ ನನಗೆ ಸಿಕ್ಕಿತು. ಅವಳ ಜರ್ಮನ್ ಹಳ್ಳಿಯದು. ದೊಡ್ಡವರ ಎದುರು ಆಡಿದರೆ ಅವರು ಮುಖ ಸಿಂಡರಿಸುತ್ತಿದ್ದರು. ಅವಳ ಇಂಗ್ಲಿಷು ಅರೆಬರೆ, ನನ್ನ ಜರ್ಮನ್ ಅದಕ್ಕಿಂತ ಕಡಿಮೆ. ಆದರೂ ನಾವಿಬ್ಬರೂ ಮೂರನೆಯ ದಿನದಿಂದ ಜಗಳವಾಡುವಷ್ಟು ಮಾತಾಡುತ್ತಿದ್ದೆವು. ಅವಳ ಮಾತನ್ನು ಇಲ್ಲಿ ಆಳಂದದ ಕನ್ನಡದಲ್ಲೇ ಬರೆಯುತ್ತೇನೆ. ಗ್ರಾಂಥಿಕಕ್ಕೆ ತಿರುಗಿಸಿದರೆ ಅವಳಿಗೆ ಅನ್ಯಾಯವಾದೀತು.

ಮೊದಲ ಭಾನುವಾರ ನಾನು ಸೀರೆ ಒಗೆದು ಬಾಲ್ಕನಿಯಲ್ಲಿ ಝಾಡಿಸಿ ಹರವಿದೆ. ಹೆಲ್ಗಾ ಓಡಿ ಬಂದಳು.

"ತಗಿ, ತಗಿ! ಇವತ್ತು ಐತ್ವಾರ!"

"ಐತ್ವಾರ ಅರಿವಿ ಒಣಗಂಗಿಲ್ಲೇನು ನಿಮ್ಮ ದೇಶದಾಗ?"

"ಒಣಗ್ತದ. ಮಂದಿ ಕಣ್ಣಿಗಿ ಕಾಣಬಾರ್ದು, ಅಷ್ಟೇ."

"ದೇವ್ರು ಬೈತಾನೇನು?"

"ದೇವ್ರು ಸುಮ್ಮ ಇರ್ತಾನ. ಎದುರ್ ಮನಿ ಮುದುಕಿ ಬೈತಾಳ."

ಮೈಲಿಗೆ ಮಡಿ ಎಂದು ನಮ್ಮನ್ನು ಹೀಗಳೆಯುವ ಪುಸ್ತಕಗಳನ್ನು ಈ ದೇಶದವರೇ ಬರೆದಿದ್ದಾರೆ. ಆರು ಗಜದ ಒದ್ದೆ ಸೀರೆಯನ್ನು ನಾನು ಸ್ನಾನದ ಕೋಣೆಯಲ್ಲಿ, ನಲ್ಲಿಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಹಬ್ಬದ ತೋರಣದ ಹಾಗೆ ಕಟ್ಟಿದೆ. ಹೆಲ್ಗಾ ಅದರ ಕೆಳಗೆ ಬಗ್ಗಿ ಹೋಗಿ ಹಲ್ಲುಜ್ಜಿದಳು. ಉಪ್ಪಿನಕಾಯಿಯನ್ನು ಮಾತ್ರ ಅವಳು ಮೊದಲ ದಿನದಿಂದಲೇ ಬ್ರೆಡ್ಡಿಗೆ ಸವರಿಕೊಂಡು ತಿಂದಳು. ಬೆವರುತ್ತಾ ತಿಂದಳು, ಬೈಯುತ್ತಾ ತಿಂದಳು, ಬಿಡಲಿಲ್ಲ.

ನೆಲಮಾಳಿಗೆ, ಮೊದಲ ಮೂರು ವಾರ

ಪ್ರಯೋಗಾಲಯ ನೆಲಮಾಳಿಗೆಯಲ್ಲಿತ್ತು. ಮಧ್ಯದಲ್ಲಿ ಬೆಚ್ಚಗಿನ ನೀರಿನ ತೊಟ್ಟಿ. ತೊಟ್ಟಿಯ ತಳದಲ್ಲಿ ಬೋಗುಣಿಯಾಕಾರದ ಒಂದು ಸಾಧನ. ಗುಂಡಿ ಒತ್ತಿದರೆ ಬೋಗುಣಿಯ ಮೈಯೆಲ್ಲ ಒಮ್ಮೆಗೇ ಕಂಪಿಸಿ, ಅಲೆಗಳು ನೀರಿನಲ್ಲಿ ಮೇಲೇರಿ ಒಂದೇ ಬಿಂದುವಿನಲ್ಲಿ ಕೂಡುತ್ತಿದ್ದವು. ಕಿವಿಗೆ ಬರುವುದು ಟಕ್, ಟಕ್, ಟಕ್ ಎಂಬ ಸದ್ದು ಮಾತ್ರ. ಆ ಬಿಂದುವಿನಲ್ಲಿ ಬೆರಳುದ್ದದ ಪ್ಲಾಸ್ಟಿಕ್ ನಳಿಕೆ ತೂಗುಬಿಡಬೇಕು. ನಳಿಕೆಯಲ್ಲಿ ಗುಲಾಬಿ ಬಣ್ಣದ ಪೋಷಕ ದ್ರವ, ಅದರಲ್ಲಿ ತೇಲುವ ಜೀವಕೋಶಗಳು. ನೂರಾರು ಏಟು ಕೊಟ್ಟ ಮೇಲೆ ಒಂದು ಹನಿ ತೆಗೆದು, ನೀಲಿ ಬಣ್ಣ ಬೆರೆಸಿ, ಸೂಕ್ಷ್ಮದರ್ಶಕದ ಕೆಳಗೆ ಎಣಿಸಬೇಕು. ಬದುಕಿರುವ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ತಿಳಿಯಾಗಿ ಹೊಳೆಯುತ್ತದೆ. ಸತ್ತದ್ದು ನೀಲಿಯಾಗುತ್ತದೆ. ಮಾಂಸ ಮಾಡಿದ ಪುಣ್ಯ ಎಷ್ಟು ಎಂದು ಹೀಗೆ ಲೆಕ್ಕ ಹಾಕುವುದು.

ಇದನ್ನು ಎರಡು ವರ್ಷದಿಂದ ಮಾಡುತ್ತಿದ್ದವನು ಯೋಖೆನ್, ಡಾಕ್ಟರೇಟ್ ವಿದ್ಯಾರ್ಥಿ. ತೆಳ್ಳಗೆ, ಬೆಳ್ಳಗೆ, ಪೆನ್ಸಿಲ್ಲುಗಳನ್ನು ಉದ್ದದ ಪ್ರಕಾರ ಜೋಡಿಸಿ ಇಟ್ಟುಕೊಳ್ಳುವವನು. ಕೆಲಸದ ಕ್ರಮವನ್ನು ಬರೆದ ಒಂದು ಹಾಳೆಯನ್ನು ತೊಟ್ಟಿಯ ಮೇಲಿನ ಗೋಡೆಗೆ ಅವನೇ ಅಂಟಿಸಿದ್ದ. ಇಪ್ಪತ್ತೆರಡು ಸಾಲು. ಆರನೆಯದು: ನಳಿಕೆಯ ಮೇಲಿನ ನೀಲಿ ಗೆರೆಯವರೆಗೆ ದ್ರವ ತುಂಬಿಸಿ ಬಿರಡೆ ಹಾಕುವುದು.

ಮೂರನೆಯ ವಾರ ನನಗೆ ನಾಲ್ಕು ನಳಿಕೆ ಒಪ್ಪಿಸಿದರು. ನಾನು ತುಂಬಿದೆ, ಏಟು ಕೊಟ್ಟೆ, ಎಣಿಸಿದೆ. ಯೋಖೆನ್‌ನ ನಳಿಕೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಕೋಶಗಳು ನೀಲಿಯಾಗುತ್ತಿದ್ದವು. ನನ್ನ ನಾಲ್ಕರಲ್ಲಿ ಅಲ್ಲೊಂದು ಇಲ್ಲೊಂದು ನೀಲಿ. ಉಳಿದವೆಲ್ಲ ಮುತ್ತಿನ ಹಾಗೆ ಹೊಳೆಯುತ್ತಾ ಕೂತಿದ್ದವು. ಮೂರು ಸಲ ಎಣಿಸಿದೆ. ಅಷ್ಟೇ.

ಶುಕ್ರವಾರ

ಶುಕ್ರವಾರ ಮಧ್ಯಾಹ್ನ ವಾರದ ಸಭೆ. ಪ್ರಯೋಗಾಲಯದ ಮುಖ್ಯಸ್ಥರು ಎತ್ತರದ ಆಳು, ಮೃದುವಾದ ದನಿ. ಜೋರು ದನಿಯವರ ಜೊತೆ ವಾದಿಸುವುದು ನನಗೆ ಗೊತ್ತು. ಈ ಮೃದು ದನಿಯೇ ಅಪಾಯದ್ದು. ಅವರು ದಾಖಲೆ ಪುಸ್ತಕದಲ್ಲಿ ನನ್ನ ನಾಲ್ಕು ಸಾಲು ನೋಡಿದರು. ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು, ನಾಲ್ಕರ ಮೇಲೂ ಒಂದೇ ಗೀಟು ಎಳೆದು, ಪಕ್ಕದಲ್ಲಿ ಏನೋ ಬರೆದರು.

"ಏನು ಬರೆದಿರಿ?" ಕೇಳಿದೆ.

"ಹೊಸ ಕೈ ಎಂದು. ಬೇಸರಿಸಬೇಡಿ. ಇದು ನಾಜೂಕಿನ ಕೆಲಸ. ಕೈ ಪಳಗಬೇಕು. ಯೋಖೆನ್‌ನ ಕೈಯಲ್ಲಿ ಅದು ಇದೆ. ನಿಮ್ಮ ಕೈಗೆ ಇನ್ನೂ ಬಂದಿಲ್ಲ."

ಕೈಯಲ್ಲಿ ಇದೆ! ಕೈಗೆ ಬಂದಿಲ್ಲ! ನನ್ನ ಮೈ ಉರಿಯಿತು. ಸಾವಿರಾರು ಮೈಲಿ ಹಾರಿ, ಖಾಲಿ ಹೊಟ್ಟೆಯಲ್ಲಿ ಉಪ್ಪಿನಕಾಯಿ ತಿಂದು, ಸೀರೆಯನ್ನು ಸ್ನಾನದ ಕೋಣೆಯಲ್ಲಿ ತೂಗುಹಾಕಿ, ಇಲ್ಲಿ ಬಂದು ನಾನು ಕೇಳಿದ್ದು ಆಯಿಯ ಮಾತನ್ನೇ. ಅವಳಾದರೂ ಒಲೆಯ ಮುಂದೆ ಕೂತು ಅಂದಿದ್ದಳು. ಇವರು ಕಪ್ಪು ಹಲಗೆಯ ಮುಂದೆ ನಿಂತು ಅಂದರು.

"ಕೈಯಲ್ಲಿ ಏನಿದೆ, ಸರ್?" ಎಂದೆ.

"ಕ್ಷಮಿಸಿ?"

"ಅವನ ಕೈಯಲ್ಲಿ ಇರುವುದು, ನನ್ನ ಕೈಯಲ್ಲಿ ಇಲ್ಲದ್ದು. ಅದರ ಹೆಸರೇನು, ಅಳತೆ ಏನು? ನಮ್ಮ ಊರಲ್ಲಿ ಇದಕ್ಕೆ ಕೈಗುಣ ಅನ್ನುತ್ತಾರೆ. ಉಪ್ಪಿನಕಾಯಿ ಕೆಡದೆ ಇದ್ದರೆ, ಕೋಳಿ ಮೊಟ್ಟೆ ಇಟ್ಟರೆ, ಎಲ್ಲಕ್ಕೂ ಅದೇ ಕಾರಣ. ನಾವು ಅದನ್ನು ವಿಜ್ಞಾನ ಅನ್ನುವುದಿಲ್ಲ."

ಯಾರೋ ಕೆಮ್ಮಿದರು. ಯೋಖೆನ್ ಪೆನ್ಸಿಲ್ ಜೋಡಿಸುತ್ತಾ ತಗ್ಗಿದ ದನಿಯಲ್ಲಿ, "ಒಂದು ವೇಳೆ ಗುಂಡಿ ಒತ್ತಲು ಮರೆತಿರಬಹುದೇ?" ಅಂದ.

ಅಂದರೆ, ಏಟೇ ಕೊಡದೆ ಎಣಿಸಿ ಬರೆದಿದ್ದೇನೆ. ಅಂದರೆ, ಸುಳ್ಳಿ! ನಾನು ಏಳುವಷ್ಟರಲ್ಲಿ ಬಾಗಿಲ ಹತ್ತಿರ ಕಾಫಿ ಸುರಿಯುತ್ತಿದ್ದ ಹೆಲ್ಗಾ ಮಾತಾಡಿದಳು.

"ಟಕ್ ಟಕ್ ಅಂದದ್ದು ನಾ ಕೇಳೇನಿ. ನಾಲ್ಕ್ ಸಲನೂ ಕೇಳೇನಿ. ತೆಲಿ ನೋಯ್ಲಾಕತ್ತಿತ್ತು ಆವತ್ತು ನನಗ, ಅದಕ್ಕ ಭಾಳ ನೆನಪದ."

"ಪ್ರಯೋಗವು ಚರ್ಚಾಸ್ಪರ್ಧೆಯಲ್ಲ," ಎಂದರು ಮುಖ್ಯಸ್ಥರು, ಇನ್ನಷ್ಟು ಮೃದುವಾಗಿ. "ಮುಂದಿನ ಶುಕ್ರವಾರ ನಿಮ್ಮ ತಿಂಗಳು ಮುಗಿಯುತ್ತದೆ. ಇನ್ನೊಮ್ಮೆ ಮಾಡಿ. ಫಲಿತಾಂಶ ಉಳಿದವರದ್ದಕ್ಕೆ ಹೊಂದಿದರೆ ಉಳಿಯಿರಿ. ಹೊಂದದಿದ್ದರೆ ಈ ಕೆಲಸ ನಿಮ್ಮದಲ್ಲ ಎಂದು ಇಬ್ಬರೂ ಒಪ್ಪಿಕೊಳ್ಳೋಣ."

ನೋಡಿ ನ್ಯಾಯ! ನನ್ನ ಎಣಿಕೆ ನಿಜವೇ ಎಂದು ಯಾರೂ ಕೇಳಲಿಲ್ಲ. ಅವನದಕ್ಕೆ ಹೊಂದಬೇಕು, ಅಷ್ಟೇ. ಹೊಂದಿಸುವುದು ಕಷ್ಟವಾಗಿರಲಿಲ್ಲ. ಎಣಿಸುವವಳು ನಾನೇ. ಅರ್ಧ ನೀಲಿ ಎಂದು ಬರೆದುಬಿಟ್ಟರೆ ಒಂದು ವರ್ಷ ಜರ್ಮನಿ ನನ್ನದು. ಮೆಟ್ಟಿಲು ಹತ್ತುವಾಗ ಆ ಯೋಚನೆ ಬಂತು, ಬರಲಿಲ್ಲ ಎಂದು ಬರೆಯಲಾರೆ. ಮರುದಿನವೆಲ್ಲ ಕೋಣೆಯಲ್ಲಿ ಕೂತು, ಯೋಖೆನ್‌ನ ಕುರ್ಚಿಯಲ್ಲಿ ಕೂತವಳ ಹಾಗೆ ಅವನ ಪರವಾಗಿ ವಾದ ಮಾಡಿದೆ. ನಾನು ಬೇರೆ ಏನು ಮಾಡಿದ್ದೆ? ತೊಟ್ಟಿ ಅದೇ, ಕೋಶ ಅದೇ, ಏಟು ಅದೇ, ಬಣ್ಣ ಅದೇ. ಅವನ ವಾದವೇ ಗೆಲ್ಲುತ್ತಿತ್ತು. ಉಳಿದದ್ದು ಕೈ ಒಂದೇ.

ಭಾನುವಾರ, ಅಡುಗೆಮನೆ

ಹೆಲ್ಗಾಳ ಹಿತ್ತಲಲ್ಲಿ ಪ್ಲಮ್ ಹಣ್ಣಿನ ಮರವಿತ್ತು. ಚಳಿಗಾಲಕ್ಕೆಂದು ಹಣ್ಣನ್ನು ಸಕ್ಕರೆ ಪಾಕದಲ್ಲಿ ಗಾಜಿನ ಶೀಶೆಗೆ ತುಂಬಿ ಮುಚ್ಚಿಡುವುದು ಅವರ ಪದ್ಧತಿ. ಭಾನುವಾರ ಸದ್ದಿಲ್ಲದೆ ಮಾಡಬಹುದಾದ ಕೆಲಸ ಅದೊಂದೇ ಇತ್ತೇನೋ. ನನ್ನನ್ನೂ ಕೂರಿಸಿದಳು. ನಾನು ಮುಖ ಊದಿಸಿಕೊಂಡು ತುಂಬುತ್ತಾ ಇದ್ದೆ. ಅವಳು ಎರಡು ಶೀಶೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಯಾರು ಕಲಿಸಿದ್ರು ನಿನಗಿದು?"

"ಯಾವುದು?"

"ಹಿಂಗ ತುಂಬೋದು. ನನ್ನ ಮಗಳಿಗಿ ಹತ್ತು ವರ್ಷ ಹೇಳೇನಿ, ಬಾಯಿ ಮಟ ತುಂಬು, ಗಾಳಿ ಉಳದ್ರ ಕೆಡ್ತದ ಅಂತ. ಕೇಳಂಗಿಲ್ಲ. ನೀ ನೋಡಿದ್ರ ಒಂದ್ ಗುಳ್ಳಿ ಬಿಟ್ಟಿಲ್ಲ."

ನಾನು ನನ್ನ ಕೈಯನ್ನೇ ನೋಡಿದೆ. ಅದು ಶೀಶೆಯನ್ನು ತುಸು ವಾಲಿಸಿ ಹಿಡಿದಿತ್ತು. ಪಾಕವನ್ನು ಗೋಡೆಗುಂಟ ಇಳಿಸಿ, ಹಣ್ಣನ್ನು ಒತ್ತಿ, ಗುಳ್ಳೆ ಮೇಲೆ ಬರುವವರೆಗೆ ಕಾದು, ಮತ್ತೆ ಸುರಿದು, ಪಾಕ ಹೊರಗೆ ತುಳುಕುವಾಗ ಮುಚ್ಚಳವನ್ನು ಓರೆಯಾಗಿ ಜಾರಿಸಿ ಕೂರಿಸುತ್ತಿತ್ತು. ಎಂಟನೆಯ ವಯಸ್ಸಿನಿಂದ ಪ್ರತಿ ಬೇಸಿಗೆಯಲ್ಲೂ ಆಯಿಯ ಭರಣಿಗೆ ಮಾವಿನ ಹೋಳು ಒತ್ತಿದ ಕೈ. "ಒತ್ತು ಬೇ, ಇನ್ನಾ ಒತ್ತು, ಎಣ್ಣಿ ಮ್ಯಾಲ ಬರ್ಲಿ, ಒಳಗ ಗಾಳಿ ಕೂಡಬಾರ್ದು" ಎಂದು ಅವಳು ಬೆನ್ನ ಹಿಂದೆ ಅನ್ನುತ್ತಿದ್ದಳು. ವೈನಿಗೆ ಯಾರೂ ಹಾಗೆ ಹೇಳಿರಲಿಲ್ಲ. ವೈನಿ ಭರಣಿಯ ಕೊರಳವರೆಗೆ ತುಂಬಿ, ಚೊಕ್ಕವಾಗಿ ಕಾಣಲೆಂದು ಮೇಲೆ ನಾಲ್ಕು ಬೆರಳು ಜಾಗ ಬಿಟ್ಟಿದ್ದಳು.

ಪ್ರಯೋಗಾಲಯದ ನಳಿಕೆಗಳಲ್ಲಿ ನಾನು ನೀಲಿ ಗೆರೆಯನ್ನು ನೋಡಿಯೇ ಇರಲಿಲ್ಲ. ಹಾಳೆಯಲ್ಲಿ ಓದಿದ್ದೆ, ತಲೆಗೆ ಗೊತ್ತಿತ್ತು. ತುಂಬುವಾಗ ಕೈ ತನ್ನ ಪಾಡಿಗೆ ಬಾಯಿಯವರೆಗೆ ತುಂಬಿ, ತುಳುಕಿಸಿ, ಬಿರಡೆ ಜಾರಿಸಿ ಮುಚ್ಚಿತ್ತು. ನನ್ನ ನಳಿಕೆಯಲ್ಲಿ ಗಾಳಿಯೇ ಇರಲಿಲ್ಲ. ಯೋಖೆನ್‌ನದರಲ್ಲಿ ಗೆರೆಯ ಮೇಲೆ ಒಂದು ಬೆರಳು ಗಾಳಿ.

ಇದು ಯಾಕೆ ಮುಖ್ಯವೆಂದು ಎರಡು ಮಾತಿನಲ್ಲಿ ಹೇಳುತ್ತೇನೆ. ಅಲೆ ದ್ರವದಲ್ಲಿ ಮೇಲೇರುತ್ತಾ ಎಲ್ಲವನ್ನೂ ಒತ್ತುತ್ತಾ ಹೋಗುತ್ತದೆ. ಗಾಳಿ ಸಿಕ್ಕಿತೋ, ಅಲ್ಲಿಂದ ಮಗುಚಿ ಹಿಂದಿರುಗುತ್ತದೆ, ಬರುವಾಗ ಒತ್ತುವ ಬದಲು ಎಳೆಯುತ್ತದೆ. ಆ ಎಳೆತಕ್ಕೆ ದ್ರವದಲ್ಲಿ ಸಣ್ಣ ಸಣ್ಣ ಗುಳ್ಳೆ ಹುಟ್ಟಿ ಕುಸಿಯುತ್ತವೆ, ಕುಸಿಯುವಾಗ ಪಕ್ಕದ ಕೋಶವನ್ನು ಹರಿದುಹಾಕುತ್ತವೆ. ಅಂದರೆ ಎರಡು ವರ್ಷದಿಂದ ಅವರು ಎಣಿಸುತ್ತಿದ್ದ ಸಾವುಗಳಲ್ಲಿ ಹೆಚ್ಚಿನವು ನಳಿಕೆಯ ತಲೆಯಲ್ಲಿ ಕೂತ ಗಾಳಿಯ ಕೆಲಸವಾಗಿರಬಹುದು. ನಮ್ಮೂರಲ್ಲಿ ಯಾರಾದರೂ ಸುಮ್ಮಸುಮ್ಮನೆ ಸೊರಗಿದರೆ ಗಾಳಿ ಬಡಿದಿದೆ ಅನ್ನುತ್ತಾರೆ. ಆ ಮಾತನ್ನೂ ನಾನು ವೇದಿಕೆಯ ಮೇಲೆ ಹಲವು ಸಲ ಕೊಂದಿದ್ದೇನೆ.

"ಹೆಲ್ಗಾ," ಎಂದೆ, "ಮನ್ಯಾಗ ನೀ ಬಾಯಿ ಮಟ ತುಂಬ್ತಿ. ಲ್ಯಾಬಿನ್ಯಾಗ ನಳಿಕಿ ತುಂಬುವಾಗ ಯಾಕ ಗಾಳಿ ಬಿಡ್ತಿ?"

ಅವಳು ನನ್ನನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡಿದಳು.

"ಅಲ್ಲಿ ಗೆರಿ ಹಾಕ್ಯಾರಲ್ಲ!"

ಸೋಮವಾರದಿಂದ ಗುರುವಾರ

ಈಗ ಸಂಕಟ ನೋಡಿ. ನನ್ನ ಎಣಿಕೆ ನಿಜ ಎಂದು ಸಾಧಿಸಬೇಕಾದರೆ, ಆರನೆಯ ಸಾಲನ್ನು ನಾನು ಮುರಿದೆ ಎಂದು ಒಪ್ಪಬೇಕು. ಹೇಳದೆ ಇದ್ದರೆ ಗೆರೆಯವರೆಗೆ ತುಂಬಿ, ಅರ್ಧ ನೀಲಿ ತಂದು, ಹೊಂದಿಸಿ, ತೆಪ್ಪಗೆ ವರ್ಷ ಕಳೆಯಬಹುದು. ಹೊಸ ಕೈ ಪಳಗಿತು ಎಂದು ಅವರೂ ನಕ್ಕಾರು. ಅದಕ್ಕಿಂತ ಕಹಿಯಾದದ್ದು ಇನ್ನೊಂದು. ಫಲಿತಾಂಶ ಬದಲಾದದ್ದು ಕೈಯಿಂದಲೇ. ಮುಖ್ಯಸ್ಥರು ಹೇಳಿದ್ದು ಒಂದರ್ಥದಲ್ಲಿ ಸರಿ, ಆಯಿ ಹೇಳಿದ್ದೂ ಸರಿ. ವೇದಿಕೆಯ ಮೇಲೆ ಒಂದು ಅಂಶವನ್ನೂ ಬಿಟ್ಟುಕೊಡದವಳು ನಾನು.

ಹೆಲ್ಗಾ, ಯೋಖೆನ್ ಇಬ್ಬರನ್ನೂ ಕರೆದು ಹೇಳಿದೆ, ತುಂಬುವ ರೀತಿ ಅದಲುಬದಲು ಮಾಡಿ ನೋಡೋಣ ಎಂದೆ. ಹೆಲ್ಗಾ ತಕ್ಷಣ ಒಪ್ಪಿದಳು. ಯೋಖೆನ್ ಗೋಡೆಯ ಹಾಳೆಯ ಆರನೆಯ ಸಾಲಿನ ಮೇಲೆ ಬೆರಳಿಟ್ಟು, "ನೀನು ಹಾಳೆ ಓದಿರಲಿಲ್ಲವೇ?" ಎಂದ.

"ಓದಿದ್ದೆ."

"ಮತ್ತೆ?"

"ಕೈ ಓದಿರಲಿಲ್ಲ."

ಅವನು ನಗಲಿಲ್ಲ. ಆದರೆ ಕೈ ಜೋಡಿಸಿದ. ಕುರ್ಚಿ ಬದಲಿಸುವ ಪಟ್ಟನ್ನೇ ಹಾಕಿದೆ. ಈ ಸಲ ಬದಲಿಸಿದ್ದು ಕೈ. ನಾನು ಹಟ ಹಿಡಿದು ಗೆರೆಯವರೆಗೆ ಮಾತ್ರ ತುಂಬಿದೆ. ಬೆರಳು ಅದೆಷ್ಟು ಚಡಪಡಿಸಿದವೆಂದರೆ, ಅರ್ಧ ಲೋಟ ಮಜ್ಜಿಗೆ ಕೊಟ್ಟು ಅತಿಥಿಯನ್ನು ಕಳಿಸಿದ ಹಾಗಾಯಿತು. ಹೆಲ್ಗಾ ಮತ್ತು ಯೋಖೆನ್ ಬಾಯಿಯವರೆಗೆ ತುಂಬಿದರು. ಯೋಖೆನ್‌ಗೆ ಬರಲೇ ಇಲ್ಲ, ಎರಡು ಸಲ ಗುಳ್ಳೆ ಉಳಿಯಿತು. ಹೆಲ್ಗಾ ಅವನ ಮಣಿಕಟ್ಟು ಹಿಡಿದು ವಾಲಿಸಿ ತೋರಿಸಿದಳು: "ಹಿಂಗ. ಮುಚ್ಚಳ ಒತ್ತಬ್ಯಾಡ, ಜಾರಿಸು. ಇಷ್ಟ್ ಓದಿದಿ, ಶೀಶಿ ಮುಚ್ಚಲಾಕ ಬರಂಗಿಲ್ಲ." ನಳಿಕೆಗಳಿಗೆ ಗುರುತಿನ ಅಕ್ಷರವನ್ನಷ್ಟೇ ಬರೆದು ಕಲಸಿಬಿಟ್ಟೆವು. ಯಾವುದು ಯಾರದೆಂದು ತಿಳಿಯದೆ ಎಣಿಸುವವನು ಯೋಖೆನ್.

ಮೂರು ದಿನ ಅವನು ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. ಗುರುವಾರ ಸಂಜೆ ಅಕ್ಷರಗಳನ್ನು ಬಿಡಿಸಿದೆವು. ನಾನು ಗೆರೆಯವರೆಗೆ ತುಂಬಿದ್ದರಲ್ಲಿ ಅರ್ಧ ನೀಲಿ. ಅವರಿಬ್ಬರು ತುಂಬಿದ್ದರಲ್ಲಿ ಅಲ್ಲೊಂದು ಇಲ್ಲೊಂದು. ಹೆಲ್ಗಾ ನನ್ನ ಬೆನ್ನಿಗೊಂದು ಗುದ್ದಿದಳು. ಯೋಖೆನ್ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ.

ಮತ್ತೆ ಶುಕ್ರವಾರ

ಸಭೆಯಲ್ಲಿ ಮೊದಲ ಮಾತೇ ಒಪ್ಪಿಗೆಯದಾಗಿರಲಿ ಎಂದು ನಿರ್ಧರಿಸಿ ಹೋಗಿದ್ದೆ. "ನಾನು ಆರನೆಯ ಸಾಲನ್ನು ಪಾಲಿಸಲಿಲ್ಲ," ಎಂದೆ. ಏನಾಯಿತು, ಹೇಗೆ ಗೊತ್ತಾಯಿತು, ಏನು ಮಾಡಿ ನೋಡಿದೆವು, ಎಲ್ಲ ಹೇಳಿ ಎಣಿಕೆಯ ಹಾಳೆಯನ್ನು ಮೇಜಿನ ಮೇಲಿಟ್ಟೆ.

ಮುಖ್ಯಸ್ಥರು ಹಾಳೆಯನ್ನು ಮುಟ್ಟಲಿಲ್ಲ. ಮೃದುವಾಗಿ ತಲೆಯಾಡಿಸಿದರು.

"ಅಂದರೆ ಕ್ರಮ ತಪ್ಪಿದ್ದು ನಿಜ. ಹಾಗಿದ್ದ ಮೇಲೆ ಕೆಂಪು ಗೀಟು ಸರಿಯಾಗಿಯೇ ಇದೆ."

ನನ್ನ ಜೀವಮಾನದಲ್ಲಿ ಅಂಥ ಸಿಟ್ಟು ಬಂದದ್ದಿಲ್ಲ. ನಿಜ ಹೇಳಿದವಳ ನಾಲಿಗೆಯಿಂದಲೇ ಹಗ್ಗ ಹೊಸೆಯುವುದು ಅಂದರೆ ಇದು. ಒಪ್ಪಿಕೊಂಡ ತಪ್ಪನ್ನು ಎತ್ತಿಕೊಂಡು, ಅದರ ಅಡಿಯಲ್ಲಿದ್ದ ಉತ್ತರವನ್ನು ಮೇಜಿನ ಮೇಲೇ ಬಿಟ್ಟರು!

"ಸರ್, ಕ್ರಮ ತಪ್ಪಿದ್ದಕ್ಕೆ ನನ್ನ ನಾಲ್ಕು ಸಾಲು ಹೊಡೆದು ಹಾಕಿ, ಒಪ್ಪಿದೆ. ಕ್ರಮವೇ ತಪ್ಪಿದ್ದರೆ ಯಾರ ಯಾರ ಸಾಲು ಹೊಡೆಯುತ್ತೀರಿ? ನಾವಿಲ್ಲಿ ಕೇಳುತ್ತಿರುವ ಪ್ರಶ್ನೆ ಒಂದೇ, ಅಲೆ ಕೋಶವನ್ನು ಕೊಲ್ಲುತ್ತದೆಯೇ ಎಂದು. ಕೊಲ್ಲುತ್ತಿದ್ದುದು ಗೆರೆಯ ಮೇಲಿನ ಗಾಳಿಯಾದರೆ, ಎರಡು ವರ್ಷದ ಪುಸ್ತಕಕ್ಕೆ ನಿಮ್ಮ ಪೆನ್ಸಿಲ್ ಸಾಲುತ್ತದೆಯೇ?"

ಆ ಮಾತು ಆಡುವಾಗ ಎಷ್ಟು ಸೊಗಸಾಗಿ ಬಂತೆಂದರೆ, ಜೇವರ್ಗಿಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಬೀಳಲಿಲ್ಲ. ಎಲ್ಲರೂ ಯೋಖೆನ್ ಕಡೆ ನೋಡಿದರು. ಅವನ ಮುಖದಲ್ಲಿ ರಕ್ತವಿರಲಿಲ್ಲ. ಎರಡು ವರ್ಷದ ಪುಸ್ತಕ ಎಂದರೆ ಅವನ ಪುಸ್ತಕ ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ಗೊತ್ತಿತ್ತು. ಆದರೆ ವಾಕ್ಯ ಕಟ್ಟುವಾಗ ಅದು ನೆನಪಿರಲಿಲ್ಲ.

ಮುಖ್ಯಸ್ಥರು ಕೊನೆಗೆ ಹಾಳೆಯನ್ನು ಕೈಗೆತ್ತಿಕೊಂಡರು. ಓದಿದರು. ಮತ್ತೊಮ್ಮೆ ಓದಿದರು. "ನೀವು ಉಳಿಯಿರಿ," ಎಂದಷ್ಟೇ ಹೇಳಿ ಎದ್ದು ಹೋದ ಅವರು, ಗೀಟನ್ನು ಅಳಿಸಲಿಲ್ಲ. ದಾಖಲೆ ಪುಸ್ತಕದಲ್ಲಿ ಏನನ್ನೂ ಅಳಿಸಬಾರದಂತೆ, ಅದೊಂದು ಬೇರೆ ನಿಯಮ. ಹೊಸ ಕೈ ಎಂಬ ಮಾತು ಇಂದಿಗೂ ಅಲ್ಲಿದೆ. ಅದರ ಕೆಳಗೆ ನಾನೇ ಬರೆದೆ: ಬಾಯಿಯವರೆಗೆ ತುಂಬಿದ್ದು, ಗಾಳಿ ಇಲ್ಲ. ಸಹಿ ಹಾಕಿದೆ.

ನೆಲಮಾಳಿಗೆಗೆ ಇಳಿದಾಗ ಯೋಖೆನ್ ತನ್ನ ಏಳು ದಾಖಲೆ ಪುಸ್ತಕಗಳನ್ನೂ ಮೇಜಿನ ಮೇಲೆ ಪೇರಿಸಿಕೊಂಡು ಕೂತಿದ್ದ.

"ಎಲ್ಲಿಂದ ಗೀಟು ಹೊಡೆಯಲಿ?" ಎಂದು ಕೇಳಿದ. ಕೆಣಕಲು ಕೇಳಿದ್ದಲ್ಲ. ನಿಜವಾಗಿಯೂ ಕೇಳುತ್ತಿದ್ದ.

"ಹೊಡೆಯಬೇಡ."

"ಸುಳ್ಳು ಅಲ್ಲವೇ ಇವೆಲ್ಲ?"

"ಸುಳ್ಳು ಅಂದವರು ಯಾರು? ನೀನು ಎಣಿಸಿದ್ದು ಎಣಿಸಿದ್ದೇ. ಗಾಳಿ ಇದ್ದರೆ ಎಷ್ಟು ಸಾಯುತ್ತವೆ ಎಂದು ಎರಡು ವರ್ಷ ಎಣಿಸಿದ್ದೀಯ. ಇಷ್ಟು ಚೊಕ್ಕವಾಗಿ ಬೇರೆ ಯಾರೂ ಎಣಿಸಿರಲಾರರು. ಪಕ್ಕದಲ್ಲಿ ಹಾಗೆ ಬರೆದರೆ ಆಯಿತು."

ಸಮಾಧಾನಕ್ಕೆ ಆಡಿದ ಮಾತಲ್ಲ ಅದು, ವಾದವೇ. ಅವನು ಅದನ್ನು ವಾದವೆಂದೇ ತೂಗಿ ನೋಡಿ, ಮೊದಲ ಪುಸ್ತಕ ತೆರೆದ. ಅವನು ನಳಿಕೆಯ ಸಂಖ್ಯೆ ಓದುವುದು, ನಾನು ಅಂಚಿನಲ್ಲಿ ಬರೆಯುವುದು ಎಂದಾಯಿತು. ಒಂದೊಂದು ಪುಟಕ್ಕೂ ನಾನು ಕೇಳಲೇಬೇಕಿತ್ತು, ಏಕೆಂದರೆ ಎಲ್ಲಿಯವರೆಗೆ ತುಂಬಿದ್ದು ಎಂದು ಅವನು ಎಲ್ಲೂ ಬರೆದಿರಲಿಲ್ಲ. ಒಂದೇ ಒಂದು ನಳಿಕೆಯನ್ನಾದರೂ ಅವಸರದಲ್ಲಿ, ಮೈಮರೆತು, ಹೆಚ್ಚು ತುಂಬಿದ್ದರೆ ಅದು, ಅಲೆ ಕೊಲ್ಲುತ್ತದೆಯೇ ಎಂಬ ಅವನ ಮೂಲ ಪ್ರಶ್ನೆಗೆ ಉತ್ತರವಾಗಿ ಉಳಿಯುತ್ತಿತ್ತು. ಹಾಗಾಗಿರಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತಂತೆ ಇದ್ದೆ.

"ಇದನ್ನು ಎಲ್ಲಿಯವರೆಗೆ ತುಂಬಿದ್ದೆ?"

"ಗೆರೆಯವರೆಗೆ."

"ಇದು?"

"ಗೆರೆಯವರೆಗೆ."

"ಈ ದಿನ ನಿನಗೆ ಜ್ವರ ಇತ್ತು ಎಂದು ಬರೆದಿದ್ದೀಯ. ಆವತ್ತು ಕೈ ತಪ್ಪಿರಬಹುದಲ್ಲ?"

ಯೋಖೆನ್ ತಲೆ ಎತ್ತಿದ. ಅವನನ್ನು ನಾನು ಅವಮಾನಿಸಿದೆನೋ ಎಂಬಂತೆ ನೋಡಿದ.

"ನಾನು ಒಮ್ಮೆಯೂ ಗೆರೆ ದಾಟಿಲ್ಲ," ಎಂದ.

ನಾನು ಅಂಚಿನಲ್ಲಿ ಬರೆದೆ: ಗಾಳಿ ಇತ್ತು.